ಆಯಿಲ್ ನೋಡಿದ್ದೆ, ಅಣ್ಣಾ

ಅಣ್ಣಾ,

ಹೇಗಿದ್ದೀ ಎಂದು ಕೇಳುವ ಹಾಗಿಲ್ಲ. ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯುವ ಮನಸ್ಸೂ ಇಲ್ಲ. ನೀನು ಹೋಗಿ ಮೊನ್ನೆಗೆ ವರ್ಷವಾಯಿತು. ಸದಲಗಾದಲ್ಲಿ ನಿನ್ನ ವರ್ಷದ ಊಟ ಮುಗಿಸಿಕೊಂಡು ನಿನ್ನೆ ಗಂಡನ ಮನೆಗೆ, ಸತ್ತಿಗೆ ಬಂದೆ. ಮನೆಯವರು ಡ್ಯೂಟಿಗೆ ಹೋಗಿದ್ದಾರೆ, ಎಮ್ಮೆಗೆ ಮೇವು ಹಾಕಿಯಾಗಿದೆ, ಈಗ ನಿನ್ನ ಜೊತೆ ಜಗಳಕ್ಕೆ ಕೂತಿದ್ದೇನೆ. ಬದುಕಿದ್ದಾಗ ಒಂಬತ್ತು ವರ್ಷ ನೀನು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಈಗಾದರೂ ನಡುವೆ ಎದ್ದು ಹೋಗಲು ನಿನಗೆ ಆಗುವುದಿಲ್ಲವಲ್ಲ.

ಆ ರವಿವಾರದ ಬೆಳಗುಗಳು ನೆನಪಿವೆಯೇ? ನೀನು ಡೇರಿಯಲ್ಲಿ ಊರ ಹಾಲಿಗೆಲ್ಲ ಡಿಗ್ರಿ ಹಾಕಿ, ಯಾರು ನೀರು ಬೆರೆಸಿದರು ಎಂದು ಹಿಡಿದು, ಬೈದು, ಒಂಬತ್ತಕ್ಕೆ ಮನೆಗೆ ಬರುತ್ತಿದ್ದೆ. ಬಂದವನು ನಿಪ್ಪಾಣಿಯಲ್ಲಿ ಕೊಂಡ ಆ ಹಳೆಯ ಗಾಡಿಯನ್ನು ಅಂಗಳದ ಫರಸಿಕಲ್ಲಿನ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸುತ್ತಿದ್ದೆ. ಎರಡು ನಿಮಿಷ ಚಾಲೂ ಮಾಡಿ ಬಂದ್ ಮಾಡುವುದು, ಮೇಲೆ ಹತ್ತಿದ ಆಯಿಲ್ ಕೆಳಗಿಳಿಯಲಿ ಎಂದು ಒಂದು ಕಪ್ ಚಹಾ ಕುಡಿಯುವುದು, ಆಮೇಲೆ ಇಂಜಿನ್ನಿನ ಬದಿಯ ಮುಚ್ಚಳ ತಿರುವಿ ಅದಕ್ಕೆ ಅಂಟಿದ ಗೇಜಿನ ಕಡ್ಡಿಯನ್ನು ಹಳೆಯ ಬನಿಯನ್ನಿನಲ್ಲಿ ಒರೆಸುವುದು. ಆಗ ನನ್ನನ್ನು ಕೂಗುತ್ತಿದ್ದೆ.

“ಸುಮಿ, ಬಾ ಇಲ್ಲಿ. ತಿರಗಸಬ್ಯಾಡ, ಸುಮ್ಕ ಒಳಗ ಇಟ್ಟು ತಗಿ. ಎರಡೂ ಗೆರಿ ನಡುವ ಇರಬೇಕ. ಕಡಿಮಿ ಆದ್ರ ಇಂಜಿನ್ ಒಣಗತೈತಿ. ಜಾಸ್ತಿ ಆದ್ರ ಸೀಲ್ ಒಡಕೊಂಡ ಹೊಗಿ ಉಗಳತೈತಿ. ತಿಳೀತ?”

ನನ್ನನ್ನು ಯಾಕೆ ಕೂಗುತ್ತಿದ್ದೆ ಎನ್ನುವುದು ನಮ್ಮಿಬ್ಬರಿಗೇ ಗೊತ್ತಿತ್ತು. ನೀನು ನನಗಿಂತ ಹದಿನಾಲ್ಕು ವರ್ಷ ದೊಡ್ಡವನು, ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತವನು. ನಲವತ್ತರ ಹತ್ತಿರ ಬರುತ್ತಿದ್ದಂತೆ ನಿನಗೆ ಹತ್ತಿರದ ಗೆರೆ ಕಾಣುವುದು ನಿಂತಿತು. ಚಷ್ಮಾ ಹಾಕಿಕೊಳ್ಳಲು ನಾಚಿಕೆ. ಹಾಗಾಗಿ ಗೆರೆ ನೋಡುವುದು ನನ್ನ ಕೆಲಸವಾಯಿತು. ಮ್ಯಾಲಿನ ಗೆರೀಗೆ ಐತಿ ಎಂದು ನಾನು ಅಂದರೆ ಮುಗಿಯಿತು, ನೀನು ಮತ್ತೆ ನೋಡುತ್ತಿರಲಿಲ್ಲ. ಇಡೀ ಊರನ್ನು ಅನುಮಾನದಿಂದ ನೋಡುವವನು ನನ್ನ ಒಂದು ಮಾತು ನಂಬಿ ಗಾಡಿ ಹತ್ತುತ್ತಿದ್ದೆ. ನನಗದು ಎಷ್ಟು ಹೆಮ್ಮೆಯಾಗಿತ್ತು ಎಂದು ಹೇಳಿದರೆ ನಗುತ್ತೀಯೇನೋ.

ನಮ್ಮ ಮಾತು ನಿಂತ ವರ್ಷದ ದಸರೆಯ ಖಂಡೆ ಪೂಜೆ ಬಂತು. ಕಂಬಳಿ ಹಾಸಿ ಅದರ ಮೇಲೆ ಕುಡುಗೋಲು, ಬೋಲ್ಟ್ ಬಿಚ್ಚುವ ಪಾನಾ, ಡೇರಿಯ ಹಾಲಳೆಯುವ ಮಾಪು, ಎಲ್ಲವನ್ನೂ ಇಟ್ಟಿದ್ದಿರಿ. ಪಕ್ಕದ ಮನೆಯ ಕಾಕಾನೂ ಪ್ರತಿವರ್ಷದಂತೆ ತನ್ನ ಗಾಡಿ ತೊಳೆದುಕೊಂಡು ನಮ್ಮಲ್ಲಿಗೇ ಬಂದಿದ್ದ. ಇಡೀ ಗಾಡಿ ದೇವರ ಮುಂದೆ ತರಲಾಗುವುದಿಲ್ಲವೆಂದು ಎರಡೂ ಗಾಡಿಗಳ ಆಯಿಲ್ ಗೇಜ್ ತೆಗೆದು ಕುಂಕುಮ ಹಚ್ಚಿ ಕಂಬಳಿಯ ಮೇಲೆ ಇಡುವುದು, ಇಂಜಿನ್ನಿನ ಬಾಯಿಗೆ ಬಟ್ಟೆ ತುರುಕಿ ಒಂದು ದಿನ ಬಿಡುವುದು ನಮ್ಮ ಮನೆಯ ಪದ್ಧತಿ. ಬೇರೆ ಯಾರ ಮನೆಯಲ್ಲೂ ನಾನದನ್ನು ಕಂಡಿಲ್ಲ. ಮರುದಿನ ಆರತಿಯಾದ ಮೇಲೆ ಅವುಗಳನ್ನು ಒರೆಸಿ ತಿರುಗಿ ಹಾಕುವವಳು ನಾನು. ಆ ವರ್ಷ ಮಾತ್ರ ನಾನು ಹೊರಗಾಗಿದ್ದೆ. ಹಿತ್ತಲ ಕೋಣೆಯಲ್ಲಿ ಕೂತು ನಿಮ್ಮ ಆರತಿಯ ಗಂಟೆ ಕೇಳಿದೆ. “ಮುಟ್ಟಬ್ಯಾಡ, ದೂರ ಕೂಡು” ಎಂದವನು ನೀನೇ. ಗೇಜ್ ಹಾಕಿದವನೂ ನೀನೇ, ಕಾಕಾನ ಗಾಡಿಯದನ್ನೂ ಸೇರಿಸಿ. ಕಂಪನಿ ಒಂದೇ, ಮುಚ್ಚಳ ಒಂದೇ ತರಹ, ತಿರುವುವ ಆಟೆ ಒಂದೇ. ಕಡ್ಡಿ ಮಾತ್ರ ಒಂದು ಉದ್ದ, ಇನ್ನೊಂದು ಗಿಡ್ಡ. ಚಷ್ಮಾ ಇಲ್ಲದ ಕಣ್ಣಿಗೆ ಅದೆಲ್ಲಿ ಕಾಣಬೇಕು?

ಮುಂದಿನ ರವಿವಾರ ನಾನು ಗೇಜ್ ಎತ್ತಿ ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿತ್ತು. ಕೂಗಿ ಹೇಳಿದೆ. “ಮೆಕ್ಯಾನಿಕ್ ಹೆಚ್ಚ ಸುರದಾನ, ತಗಿ ಅದನ್ನ, ಇಲ್ಲಂದ್ರ ಸೀಲ್ ಹೋಗ್ತಾವ” ಎಂದು ನೀನು ಅಂದೆ. ಕೆಳಗೆ ಬೋಗುಣಿ ಹಿಡಿದವಳು ನಾನು, ಬೋಲ್ಟ್ ಸಡಿಲಿಸಿದವನು ನೀನು. ಗೆರೆಗೆ ಸರಿಯಾಗಿ ಇಳಿಯುವವರೆಗೆ ತೆಗೆದೆವು. ಅಷ್ಟರಲ್ಲಿ ಕಾಕಾ ಬಂದು ತನ್ನ ಗಾಡಿಯಲ್ಲಿ ಆಯಿಲ್ ಕಡಿಮೆ ತೋರಿಸುತ್ತಿದೆ ಎಂದ. ಚಲೋ ಆಯಿಲ್ ಯಾಕೆ ಚೆಲ್ಲುವುದು ಎಂದು ಬೋಗುಣಿಯನ್ನು ನೀನು ಹಾಗೇ ಅವನ ಗಾಡಿಗೆ ಸುರಿದೆ. ಅಣ್ಣಾ, ಅಲ್ಲಿ ಮೂರು ಜನ ನಿಂತಿದ್ದೆವು. ಮೂವರಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಡವೇ? ನನಗೂ ಬರಲಿಲ್ಲ. ಅದನ್ನು ನಾನು ಒಪ್ಪುತ್ತೇನೆ, ಮುಚ್ಚಿಡುವುದಿಲ್ಲ. ಕಾಕಾನ ಗಾಡಿಯ ಉದ್ದದ ಕಡ್ಡಿ ನಮ್ಮ ಇಂಜಿನ್ನಿನ ತಳಕ್ಕೆ ಮುಟ್ಟಿ ಫುಲ್ ಎಂದು ತೋರಿಸುತ್ತಿತ್ತು, ನಾನು ಅದನ್ನೇ ಓದಿ ನಿನಗೆ ಹೇಳುತ್ತಿದ್ದೆ. ದಸರೆಯ ನಂತರ ಕಾಕಾನ ಗಾಡಿ ಹೊಗೆ ಬಿಡತೊಡಗಿದಾಗ ನಾವೆಲ್ಲ ಅದಕ್ಕೆ ವಯಸ್ಸಾಯಿತು ಎಂದು ನಕ್ಕೆವು.

ಅವ್ವನನ್ನು ಕೊಲ್ಹಾಪುರದ ದವಾಖಾನೆಗೆ ಸೇರಿಸಿ ವಾರವಾಗಿತ್ತು, ಆ ದಿನ ಬೆಳಿಗ್ಗೆ ಅಲ್ಲಿಂದ ಫೋನ್ ಬಂತು. ಅವ್ವನ ಹತ್ತಿರ ಕಾಕಾ, ಕಕ್ಕಿ ಇದ್ದರು. ಲಗೂ ಬಾ, ಅವ್ವ ನಿನ್ನನ್ನೇ ಕೇಳುತ್ತಿದ್ದಾಳೆ ಎಂದರು. ಬಸ್ಸಿಗೆ ಕಾಯುವ ತಾಳ್ಮೆ ನಿನಗಿರಲಿಲ್ಲ. ಗಾಡಿ ಹೊರಗೆಳೆದು ಹೊಸಿಲಲ್ಲಿ ನಿಂತ ನನ್ನನ್ನು ಕೇಳಿದೆ.

“ಆಯಿಲ್ ನೋಡಿದೇನ?”

“ನಿನ್ನೇನ ನೋಡೀನಿ ಅಣ್ಣಾ, ಮ್ಯಾಲಿನ ಗೆರೀಗೆ ಐತಿ.”

ಹೋದೆ. ಇಚಲಕರಂಜಿ ದಾಟಿದ ಮೇಲೆ ಇಂಜಿನ್ ಜಾಮ್ ಆಯಿತು. ಕಬ್ಬಿನ ಗಾಡಿಗಳ ಸಾಲಿನ ನಡುವೆ ಗಾಡಿ ನೂಕಿಕೊಂಡು ಗ್ಯಾರೇಜಿಗೆ ಹೋದರೆ, ಕೆಳಗಿನ ಬೋಲ್ಟ್ ಬಿಚ್ಚಿದಾಗ ಒಂದು ಲೋಟದಷ್ಟೂ ಆಯಿಲ್ ಬೀಳಲಿಲ್ಲವಂತೆ. ಯಾರದೋ ಟೆಂಪೋ ಹತ್ತಿ ನೀನು ದವಾಖಾನೆ ಮುಟ್ಟುವುದಕ್ಕೆ ಅರ್ಧ ತಾಸು ಮೊದಲು ಅವ್ವ ಹೋಗಿದ್ದಳು.

ಅವ್ವನನ್ನು ಮನೆಗೆ ತಂದಾಗ ನಾನು ನಿನ್ನನ್ನು ಹಿಡಿದು ಅಳಲು ಬಂದೆ. ನೀನು ನನ್ನ ಕೈ ತಳ್ಳಿ, ಕೂತಿದ್ದ ಎಲ್ಲ ಬಳಗದವರ ಮುಂದೆ ಅಂದೆ: “ನೀ ನೋಡೇ ಇಲ್ಲ. ಸುಳ್ಳ ಹೇಳಿದಿ. ನಿನ್ನ ಸುಳ್ಳಿನ ಸಲುವಾಗಿ ನಾ ಇದ್ದೂ ನಮ್ಮವ್ವಗ ಮಗ ಇಲ್ಲದಂಗಾತು.” ನಾವಿಬ್ಬರೂ ಸೇರಿ ಆಯಿಲ್ ತೆಗೆದಿದ್ದೆವಲ್ಲ ಎಂದು ನಾನು ಅಂದರೆ, “ಅವತ್ತ ಸರಿ ಇತ್ತ, ಆಮ್ಯಾಲ ನೀ ನೋಡಿಲ್ಲ” ಎಂದೆ ನೀನು. ಗಾಡಿಯನ್ನು ಟೆಂಪೋದಲ್ಲಿ ತರಿಸಿ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದೆ. ಮತ್ತೆ ಅದನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ನನ್ನ ಪಾಡು ಏನಾಯಿತು ಗೊತ್ತೇ? ರಾಯಬಾಗದಲ್ಲಿ ಬಳಗದ ಒಂದು ಮದುವೆಯಲ್ಲಿ ಬೇಳೆಗೆ ಉಪ್ಪು ಹಾಕಿದ್ದೇನೆ ಎಂದು ನಾನು ಅಂದರೆ ದೊಡ್ಡವ್ವ, “ಸುಮಿ ಹಾಕೀನಿ ಅಂದ್ಳಂದ್ರ ಇನ್ನೊಮ್ಮಿ ನೋಡ್ರೆವಾ” ಎಂದು ಎಲ್ಲರ ಮುಂದೆ ಸೌಟು ನೆಕ್ಕಿ ನೋಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ? ನೀನು ಅಲ್ಲೇ ಪಂಗ್ತಿಯಲ್ಲಿ ಕೂತಿದ್ದೆ, ತಲೆ ಎತ್ತಲಿಲ್ಲ. ಹಾಲಿನಲ್ಲಿ ನೀರು ಹಾಕಿದವರನ್ನಾದರೂ ನೀನು ವಾರದಲ್ಲಿ ಮರೆತು ಮಾತಾಡಿಸುತ್ತಿದ್ದೆ.

ಅವ್ವ ಹೋದ ವರ್ಷದೊಳಗೆ ಆಗಬೇಕೆಂದು ನನ್ನ ಮದುವೆ ಮಾಡಿದೆ. ಯಾವುದಕ್ಕೂ ಕಡಿಮೆ ಮಾಡಲಿಲ್ಲ, ಆದರೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಸತ್ತಿಗೆ ಬಂದ ಮೇಲೆ ಮೊದಲ ನಾಗರ ಪಂಚಮಿಗೆ ನೀನು ತವರಿಗೆ ಕರೆಯಲು ಬರಲಿಲ್ಲ. ಅವ್ವನ ವರ್ಷ ಇನ್ನೂ ಮುಗಿದಿಲ್ಲ, ಅದಕ್ಕೇ ಎಂದು ಅತ್ತೆಗೆ ನಾನೇ ಹೇಳಿದೆ. ಎರಡನೆಯ ವರ್ಷ ನಿನಗೆ ಡೇರಿಯಲ್ಲಿ ರಜೆ ಸಿಗಲಿಲ್ಲ ಎಂದೆ. ಮೂರನೆಯ ವರ್ಷ ಅತ್ತೆ ಕೇಳುವುದನ್ನೇ ಬಿಟ್ಟರು. ಓಣಿಯ ಸೊಸೆಯರೆಲ್ಲ ಅಣ್ಣ ತಮ್ಮಂದಿರ ಗಾಡಿ ಹತ್ತಿ ಹೋದ ಮೇಲೆ ಊರಲ್ಲಿ ಉಳಿಯುವವಳು ನಾನೊಬ್ಬಳೇ. ನೋಡು, ಎಂದೂ ಸುಳ್ಳೇ ಹೇಳದವಳು ನಿನ್ನ ಮರ್ಯಾದೆ ಕಾಯಲು ಎಷ್ಟು ಸುಳ್ಳು ಹೇಳಬೇಕಾಯಿತು.

ಹೋದ ವರ್ಷ ನಿನ್ನ ಎದೆನೋವಿನ ಸುದ್ದಿ ಬಂದು ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೂತು ಅತ್ತುಬಿಟ್ಟೆ. ಆದರೆ ಸಿಟ್ಟು ಹೋಗಲಿಲ್ಲ. ಈಗ ವರ್ಷದ ಊಟದ ದಿನ, ನೀನು ಬಿಟ್ಟುಹೋದ ವೈನಿ ನನ್ನನ್ನು ಒಳಗೆ ಕರೆದು, ನಿನ್ನ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಉಡಿಯಲ್ಲಿಟ್ಟರು. ಬಿಚ್ಚಿದರೆ ಎರಡು ಆಯಿಲ್ ಗೇಜ್. ಮುಚ್ಚಳಕ್ಕೆ ಮುಚ್ಚಳ ಕೂಡಿಸಿ ಹಿಡಿದೆ. ಒಂದು ಇನ್ನೊಂದಕ್ಕಿಂತ ಒಂದು ಬೆರಳು ಉದ್ದ.

“ಅವರಿಗೆ ಗೊತ್ತಿತ್ತವಾ,” ಎಂದರು ವೈನಿ. “ಹೋಗೂಕಿಂತ ಎರಡ ವರ್ಷ ಮೊದಲ ಕಾಕಾ ತನ್ನ ಗಾಡಿ ಬಿಚ್ಚಿಸಿದ್ದ. ಈ ಕಡ್ಡಿ ಈ ಗಾಡೀದ ಅಲ್ಲ ಅಂದ್ನಂತ ಮೆಕ್ಯಾನಿಕ್. ತಂದ ಇವರ ಕೈಯಾಗ ಕೊಟ್ಟ. ಇವರು ಕೊಟಿಗ್ಯಾಗ ಹೋಗಿ ತಮ್ಮ ಗಾಡೀದ ತಗದು, ಎರಡೂ ಹಿಡಕೊಂಡ ಅಲ್ಲೇ ಕೂತಬಿಟ್ರು. ಸತ್ತಿಗೆ ಹೋಗಿ ಬರ್ರಿ ಅಂದೆ. ಇವತ್ತ ನಾಳಿ ಅಂದ್ರು. ಯಾವ ಬಾಯಿಲೆ ಮಾತಾಡ್ಲಿ ಅಂದ್ರು.”

ಎರಡು ವರ್ಷ, ಅಣ್ಣಾ. ಸದಲಗಾದಿಂದ ಸತ್ತಿ ಎಷ್ಟು ದೂರ? ಚಿಕ್ಕೋಡಿಯಲ್ಲಿ ಒಂದು ಬಸ್ಸು ಬದಲಿಸು, ಅಥಣಿಯಲ್ಲಿ ಒಂದು. ಬರಲಾಗದಿದ್ದರೆ ಫೋನಿತ್ತು. ತಪ್ಪಾಯಿತು ಎಂದು ಹೇಳಬೇಕಾಗಿರಲಿಲ್ಲ, ನೀನು ನೋಡಿದ್ದೆ ಸುಮಿ ಎಂದಿದ್ದರೆ ಸಾಕಿತ್ತು. ಬಳಗದ ನಡುವೆ ನನ್ನನ್ನು ಸುಳ್ಳಿ ಎನ್ನಲು ನಿನಗೆ ಎಷ್ಟು ಹೊತ್ತು ಹಿಡಿದಿತ್ತು? ಅದನ್ನು ತಿದ್ದಲು ಮಾತ್ರ…

ವೈನಿ ಮಂದಿಯ ಮುಂದೆ ಹೇಳಬೇಡ ಎಂದು ಕೈಮುಗಿದರು. ನಾನು ಕೇಳಲಿಲ್ಲ. ಊಟ ಮುಗಿದು ಎಲ್ಲರೂ ಎಲೆ ಅಡಿಕೆಗೆ ಕೂತಾಗ ಎರಡೂ ಗೇಜ್ ತಾಟಿನಲ್ಲಿಟ್ಟು ನಡುವೆ ಒಯ್ದಿಟ್ಟೆ. ಖಂಡೆ ಪೂಜೆಯಿಂದ ಹಿಡಿದು ಎಲ್ಲ ಹೇಳಿದೆ, ನಾನು ಅವತ್ತು ಯಾಕೆ ಹಿತ್ತಲ ಕೋಣೆಯಲ್ಲಿದ್ದೆ ಎನ್ನುವುದನ್ನೂ ಗಂಡಸರ ಮುಂದೆಯೇ ಹೇಳಿದೆ. ಕಾಕಾ ನೆಲ ನೋಡುತ್ತ ಕೂತ. ದೊಡ್ಡವ್ವ, “ಆತು ಬಿಡವಾ, ಹೋದಾಂವನ ಮ್ಯಾಲ ಯಾಕ ಹಾಕ್ತಿ? ತಿರಗಿ ಬರ್ತಾನೇನ ಅಂವಾ?” ಎಂದರು.

“ಅಂವ ಬರೂದಿಲ್ಲ ದೊಡ್ಡವ್ವ,” ಎಂದೆ. “ನಾ ಇನ್ನೂ ಇಲ್ಲೇ ಅದೀನಲ್ಲ.”

ದೊಡ್ಡವ್ವ ತಾಟು ಎಳೆದುಕೊಂಡು ಎರಡೂ ಕಡ್ಡಿ ಜೋಡಿಸಿ ನೋಡಿದರು. ನಂಬಿದರು ಎಂದು ಕಾಣುತ್ತದೆ. ನನಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅವರ ನಂಬಿಕೆ ಕಟ್ಟಿಕೊಂಡು ನನಗೇನಾಗಬೇಕು?

ಒಂದು ವಿಷಯ ನಿನಗೆ ಗೊತ್ತಿರಲಿಲ್ಲ, ಅದನ್ನು ಹೇಳಿ ಮುಗಿಸುತ್ತೇನೆ. ಪ್ರತಿವರ್ಷ ಪಂಚಮಿಯ ಹಿಂದಿನ ದಿನ ನಾನು ಬ್ಯಾಗು ತುಂಬಿ ಬಾಗಿಲ ಹಿಂದೆ ಇಡುತ್ತಿದ್ದೆ. ಮನೆಯವರಿಗೂ ಹೇಳಿರಲಿಲ್ಲ. ಮರುದಿನ ಸಂಜೆ ಕಡೆಯ ಬಸ್ಸು ಹೋದ ಮೇಲೆ ಸೀರೆಗಳನ್ನು ತೆಗೆದು ತಿರುಗಿ ಕಪಾಟಿನಲ್ಲಿ ಮಡಚಿಡುತ್ತಿದ್ದೆ. ಒಂಬತ್ತು ವರ್ಷವೂ ಹಾಗೆ ಮಾಡಿದೆ, ನಿನಗೆ ಎಲ್ಲ ಗೊತ್ತಾಗಿದ್ದ ಆ ಎರಡು ವರ್ಷವೂ.

ನಿನ್ನ ತಂಗಿ,
ಸುಮನ್