ಬೆವರಿನ ಗೆರೆ

ಏಪ್ರಿಲ್ 11, ಬೆಳಿಗ್ಗೆ 11.20
ಮತ್ತೆ 101.4. ರೊಟ್ಟಿ ಬಡಿಯುತ್ತಲೇ ಇವರ ಬಾಯಿಗೆ ಥರ್ಮಾಮೀಟರ್ ಇಟ್ಟೆ. ಎರಡೂ ಕಿಟಕಿ ತೆರೆದಿವೆ, ಫ್ಯಾನ್ ಐದರಲ್ಲಿದೆ. ಇನ್ನೇನು ಮಾಡಲಿ? ಇವರು ಕಟ್ಟಡಕ್ಕೆ ಪೇಂಟಿಂಗ್ ಮಾಡುವಾಗ ಮೂರನೇ ಮಹಡಿಯಿಂದ ಬಿದ್ದು ಮೂರು ತಿಂಗಳು. ಕೈ ಆಡುತ್ತವೆ. ಎದೆಯ ಕೆಳಗೆ ಸ್ಪರ್ಶವಿಲ್ಲ. ಬಸವಕಲ್ಯಾಣದ ಈ ಒಂದೇ ಕೋಣೆಯಲ್ಲಿ ಇವರ ಮಂಚ, ನನ್ನ ಒಲೆ. ದಿನಾ ಹೊತ್ತೇರಿದಂತೆ ಜ್ವರ, ನಸುಕಿನಲ್ಲಿ ಇಲ್ಲ. ಮಾತ್ರೆಗೆ ಬಗ್ಗುತ್ತಿಲ್ಲ.

ಏಪ್ರಿಲ್ 12
ಹುಮನಾಬಾದ ದವಾಖಾನೆ. ರಕ್ತ, ಮೂತ್ರ — ಎಲ್ಲ ನಾರ್ಮಲ್. ಫಿಜಿಯೋಥೆರಪಿಯ ಅನ್ವರಿ ಇವರ ಅಂಗಿಯ ಗುಂಡಿ ಬಿಚ್ಚಿದಳು.
“ಇಲ್ಲಿ ಕೈ ಇಡ್ರಿ, ಪ್ರಣಿತಾ.”
ಎದೆಯ ಮೇಲೆ ಜಿನುಗುವ ಬೆವರು.
“ಈಗ ಇಲ್ಲಿ.”
ನಾಲ್ಕು ಬೆರಳು ಕೆಳಗೆ... ಒಣ. ಕಾದ ಹಂಚು. ನಡುವೆ ಗೆರೆ ಎಳೆದ ಹಾಗೆ! ದಿನಾ ಮೈ ಒರೆಸಿದ್ದೇನೆ, ಕಂಡಿರಲಿಲ್ಲ.
“ಜಡ್ಡಿನ ಬುಖಾರ ಅಲ್ಲರಿ ಇದು. ಬೆನ್ನುಹುರಿಗೆ ಪೆಟ್ಟು ಬಿದ್ದದ, ಅದಕ್ಕ ಕೆಳಗ ಬೆವರು ಬರಂಗಿಲ್ಲ. ಖೋಲಿ ಕಾದಂಗ ಮೈ ಕಾಯ್ತದ. 104ಕ್ಕ ಹೋದ್ರ ಜೀವಕ್ಕ ಧೋಕಾ.”
ಕೋಣೆಯ ಕಾವು ನೋಡಲು ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಒಂದು ಕೊಟ್ಟಳು, ಸೆಲ್ಸಿಯಸ್ಸಿನದು.

ಏಪ್ರಿಲ್ 14
ಭೀಮ ಜಯಂತಿ. ಮೆರವಣಿಗೆ ಮುಗಿಸಿ ಬಂದವರೆಲ್ಲ ಇವರನ್ನು ನೋಡಲು ಒಳಗೆ. ಹನ್ನೊಂದು ಜನ. ಹೊರಗೆ ಕೂಡ್ರಿ ಅನ್ನಲು ಬಾಯಿ ಬರಲಿಲ್ಲ. ಚಹಾಕ್ಕೆ ಒಲೆ ಹಚ್ಚಿದೆ, ದಡ್ಡಿ. ಗೋಡೆಯ ಥರ್ಮಾಮೀಟರ್ 40. ಇವರು 103. ಕಣ್ಣು ತೇಲಿದವು. ಅಷ್ಟರಲ್ಲಿ ಗೋರ್ಟಾದಿಂದ ಅತ್ತೆ ಶೇವಂತಾಬಾಯಿ ಬಂದರು.
“ಏಳ್ರಿ ಎಲ್ಲಾರೂ, ಬೇವಿನ ಬುಡಕ ಕೂಡ್ರಿ! ಒಬ್ಬೊಬ್ಬರ ಮೈ ಒಂದೊಂದು ಒಲಿ ಇದ್ದಂಗ.”
ಧಡ್ ಧಡ್ ಅಂತ ಕಿಟಕಿ ಮುಚ್ಚಿದರು. ನಾನು ಚೀರಿದೆ — “ಗಾಳಿ ಇಲ್ದ ಸಾಯ್ತಾರ್ರಿ!”
“ಅದು ಗಾಳಿ ಅಲ್ಲವಾ, ಬೆಂಕಿ.”
ಹಸಿ ಪಂಚೆ ಹೊದಿಸಿ ಫ್ಯಾನ್ ಹಾಕಿದರು. ಒಂದೂವರೆ ತಾಸಿಗೆ 100.2.

ಏಪ್ರಿಲ್ 17, ಮಧ್ಯಾಹ್ನ 3
ರೊಟ್ಟಿ ಈಗ ಬೆಳಿಗ್ಗೆ ಐದಕ್ಕೆ, ಅಂಗಳದಲ್ಲಿ. ಎಂಟಕ್ಕೆ ಕಿಟಕಿ ಬಂದ್, ಪರ್ದೆ ಬಂದ್. ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ಎಲ್ಲ ತೆರೆಯುವುದು. ಸಂಜೆ ಬಿಸಿಲಿಗೆ ಕಾಯುವ ಪಡುವಣ ಗೋಡೆಗೆ ಹತ್ತಿದ್ದ ಮಂಚ ಈಗ ಎದುರಿನ ಗೋಡೆಗೆ. ಅತ್ತೆ ಗೋಡೆಗೆ ಕೆನ್ನೆ ಹಚ್ಚಿ ನೋಡುತ್ತಾರೆ — ಮಗುವಿನ ಹಣೆ ನೋಡುವ ಹಾಗೆ. “ಇನ್ನಾ ಕಾವು ಕಾರಾಕತ್ತದ, ತಡಿ.”
ಅಂಗಳ 42. ಕೋಣೆ 36. ಮೂರು ಸಲ ನೋಡಿದೆ. ಅದೇ ಗೋಡೆ, ಅದೇ ಛತ್ತು. ನಾವು ಬೇಯಿಸುವ, ತೆರೆಯುವ, ಮುಚ್ಚುವ ಹೊತ್ತು ಬದಲಾಯಿತು, ಅಷ್ಟೇ. ಇವರು 99.

ಮೇ 9, ಸಂಜೆ
ಅತ್ತೆ ಊರಿಗೆ ಹೋಗಿದ್ದಾರೆ. ಪಕ್ಕದ ಮನೆಯವರು ಮದುವೆಗೆ. ಬೆಳಿಗ್ಗೆ ಆರಕ್ಕೇ ಹುಮನಾಬಾದಿಗೆ ಹೋದೆ, ಮೂತ್ರದ ಚೀಲ ತರಲು. ಒಂಬತ್ತಕ್ಕೆ ವಾಪಸ್ ಬರಬಹುದೆಂದು ಕಿಟಕಿ ತೆರೆದೇ ಬಿಟ್ಟಿದ್ದೆ. ಹೈವೇಯಲ್ಲಿ ಲಾರಿ ಪಲ್ಟಿ. ಬಸ್ಸು ನಿಂತಲ್ಲೇ ನಿಂತಿತು. ಹನ್ನೊಂದು... ಒಂದು... ಎರಡು. ಯಾರದೋ ಮೊಬೈಲಿನಲ್ಲಿ ಹೊರಗಿನ ಬಿಸಿಲು 43. ಫೋನ್ ರಿಂಗ್ ಆಗುತ್ತದೆ, ಇವರು ಎತ್ತುತ್ತಿಲ್ಲ.
ಸ್ಟ್ಯಾಂಡಿನಿಂದ ಓಡಿದೆ. ಕಿಟಕಿ ಎರಡೂ ಮುಚ್ಚಿವೆ! ಯಾರು?
ಬಾಗಿಲು ನೂಕಿದೆ. ಕತ್ತಲು. ಮಂಚ ಖಾಲಿ, ಫೋನ್ ಮಾತ್ರ ಅದರ ಮೇಲೆ. ಇವರು ಕಿಟಕಿಯ ಕೆಳಗೆ, ನೆಲದ ಮೇಲೆ. ಮೊಣಕೈ ತರಚಿ ರಕ್ತ. ಇಡೀ ಕೋಣೆ ತೆವಳಿದ್ದಾರೆ, ಎರಡು ಕೈಗಳ ಮೇಲೆ; ಸರಳು ಹಿಡಿದು ಮೈ ಎತ್ತಿ ಕಿಟಕಿ ಎಳೆದುಕೊಂಡಿದ್ದಾರೆ. ಕೊಡ ಉರುಳಿಸಿ, ಪಂಚೆ ತೋಯಿಸಿ, ಗೆರೆಯ ಕೆಳಗೆ ಪೂರ್ತಿ ಹೊದ್ದಿದ್ದಾರೆ. ಉಸಿರು ಸಮ. ಗೋಡೆಯಲ್ಲಿ 36.
ಹೊಸ್ತಿಲಲ್ಲೇ ನಿಂತುಬಿಟ್ಟೆ.
“ಬಾಗಲಾ ಮುಚ್ಚು ಮೊದಲ,” ಅಂದರು. “ಝಳ ಒಳಗ ಬರಾಕತ್ತದ.”
ಮುಚ್ಚಿದೆ. ಬಿದ್ದ ದಿನದಿಂದ ಇವರು ನನಗೆ ಇದು ಮಾಡು ಅಂತ ಒಮ್ಮೆಯೂ ಹೇಳಿರಲಿಲ್ಲ. ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಕೂತು ಇವರ ಬಾಯಿಗೆ ಥರ್ಮಾಮೀಟರ್ ಇಟ್ಟೆ. 99.8.