ನಿನ್ನ ತಮ್ಮ ಮಂಡಿಸಿದ ವಾದ

ಮನೆಯಿಂದ,
ಮಾರ್ಚ್ ೧೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನ ಬೆನ್ನುನೋವು ಹೇಗಿದೆ? ಹಾಸ್ಟೆಲ್ಲಿನ ಆ ಕುಳಿಬಿದ್ದ ಹಾಸಿಗೆಯನ್ನು ಬದಲಿಸಿಕೊಟ್ಟರೋ ಇಲ್ಲವೋ ತಿಳಿಸು. ಅಮ್ಮನ ರಕ್ತದೊತ್ತಡ ಹತೋಟಿಯಲ್ಲಿದೆ. ನಾನು ಚೆನ್ನಾಗಿದ್ದೇನೆಂದು ಬರೆದರೆ ನೀನು ಪುರಾವೆ ಕೇಳುತ್ತೀಯೆ, ಆದ್ದರಿಂದ ಬರೆಯುವುದಿಲ್ಲ.

ನಿನ್ನ ತಮ್ಮ ತೀರಿಕೊಂಡು ನಿನ್ನೆಗೆ ಒಂಬತ್ತು ತಿಂಗಳು. ಅವನ ಗೇಮ್ ಕನ್ಸೋಲಿನಲ್ಲಿ ನೀವಿಬ್ಬರೂ ಮೂರು ರಜೆಗಳಲ್ಲಿ ಕಟ್ಟಿದ ಊರನ್ನೂ, ಆಡುತ್ತಾಡುತ್ತ ನಿನ್ನನ್ನು ಗೇಲಿ ಮಾಡಿದ ಅವನ ಧ್ವನಿಯ ರೆಕಾರ್ಡಿಂಗುಗಳನ್ನೂ ಕಳುಹಿಸಿ ಎಂದು ಕಳೆದ ವಾರ ಫೋನಿನಲ್ಲಿ ನೀನು ಕೇಳಿದ್ದೆ. ಅದು ಕೆಟ್ಟಿದೆ ಎಂದಷ್ಟೇ ನಾನು ಹೇಳಿದೆ. ಪೂರ್ತಿಯಾಗಿ ಉತ್ತರಿಸುವ ಮುನ್ನ ಹಳೆಯದೊಂದು ಚರ್ಚೆಯ ತೀರ್ಪನ್ನು ನಾನು ತಿದ್ದಬೇಕಾಗಿದೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು: ಯಾರಿಗೆ ಏನು ಬೇಕಾದರೂ ಊಟದ ಮೇಜಿನ ಬಳಿ ಎದ್ದುನಿಂತು ನಾಲ್ಕು ನಿಮಿಷ ವಾದಿಸಬೇಕು, ಸಮಯ ಮುಗಿದೊಡನೆ ಅಮ್ಮ ಪಾತ್ರೆಯ ಮುಚ್ಚಳಕ್ಕೆ ಚಮಚದಿಂದ ಬಡಿಯಬೇಕು. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ನನ್ನಂಥವನು ಮಕ್ಕಳಿಗೆ ಕೊಡಬಹುದಾದ ಆಸ್ತಿ ಇದೇ ಎಂದು ನಂಬಿದ್ದೆ. ಕನ್ಸೋಲ್ ಕೊಳ್ಳುವ ಚರ್ಚೆಯ ದಿನ ನಿನ್ನ ತಮ್ಮನಿಗೆ ಹದಿನಾಲ್ಕು ವರ್ಷ. "ಅಪ್ಪಾ, ಕನ್ಸೋಲ್ ಬೇಡ, ಕಂಪ್ಯೂಟರ್ ಕೊಡ್ಸಿ. ಕೆಟ್ಟ ಭಾಗ ಮಾತ್ರ ಬದಲಾಯಿಸ್ಬೋದು. ಆಟಾನ ನಮಗೆ ಬೇಕಾದ ಹಾಗೆ ತಿದ್ಕೋಬೋದು. ಓದೋಕೂ ಅದೇ ಆಗುತ್ತೆ" ಎಂದ. "ಓದ್ತಾನಂತೆ, ಕೇಳ್ಸ್ಕೊಳ್ಳಿ!" ಎಂದು ನೀನು ಎದುರು ಪಕ್ಷದಿಂದ ಕೂಗಿದೆ. ಅವನು ನಗಲಿಲ್ಲ. "ನಾವು ಆಡಿದ್ದೆಲ್ಲ ನಮ್ಮ ಕೈಯಲ್ಲೇ ಇರುತ್ತೆ ಅಪ್ಪಾ. ನಕಲು ಮಾಡಿ ಇಟ್ಕೋಬೋದು. ಮಿಷನ್ ಸತ್ರೂ ಡಿಸ್ಕ್ ಬಿಚ್ಚಿ ಬೇರೆದಕ್ಕೆ ಹಾಕಿ…" ಅಷ್ಟರಲ್ಲಿ ಮುಚ್ಚಳದ ಸದ್ದಾಯಿತು. "ಪಾಪ, ಮುಗಿಸ್ಲಿ ಬಿಡಿ ರೀ" ಎಂದಳು ಅಮ್ಮ. ನಾನು ಒಪ್ಪಲಿಲ್ಲ. ಬಿಚ್ಚಲು ಬರುವ ವಸ್ತುವನ್ನು ಹುಡುಗರು ಬಿಚ್ಚದೆ ಬಿಡುವುದಿಲ್ಲ, ಬಿಚ್ಚಲಾಗದ ಕನ್ಸೋಲ್ ಪೆಟ್ಟಿಗೆಯೇ ಕ್ಷೇಮ ಎಂದು ಮೂರೇ ವಾಕ್ಯಗಳಲ್ಲಿ ಅವನನ್ನು ಕೂರಿಸಿದೆ. ನೀನೂ ಅಮ್ಮನೂ ಚಪ್ಪಾಳೆ ತಟ್ಟಿದಿರಿ. ಅವನೂ ತಟ್ಟಿದ, ಸೋತವನು ತಟ್ಟಬೇಕೆಂಬುದು ನನ್ನದೇ ನಿಯಮ.

ಅವನ ಒಂದೊಂದು ಮಾತೂ ಸರಿಯಾಗಿತ್ತು. ಉತ್ತರವಿಲ್ಲದೆ, ಅವನ ವಯಸ್ಸನ್ನು ಹಿಡಿದು ನಾನು ಗೆದ್ದೆ. ಕನ್ಸೋಲ್ ಈಗ ಖಾಲಿಯಾಗಿದೆ. ಮೂರು ಅಂಗಡಿಗಳಲ್ಲಿ ತೋರಿಸಿದೆ. ಅದರ ಡಿಸ್ಕನ್ನು ಬೇರಾವ ಯಂತ್ರವೂ ಓದಲಾರದು. ನಕಲು ಎಲ್ಲಿಯೂ ಇಲ್ಲ. ಊರೂ ಹೋಯಿತು, ಧ್ವನಿಯೂ ಹೋಯಿತು. ಯಾರಾದರೂ ಮರಳಿಸಿಕೊಟ್ಟಾರೆಂದು ಹುಡುಕಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನಾದರೂ ಗಟ್ಟಿಯಾಗಿರಬೇಕು, ಇಷ್ಟೇ ನನ್ನ ಹಾರೈಕೆ.

ಇಂತು,
ನಿನ್ನ ಅಪ್ಪ

ತಾ.ಕ.: ಕನ್ಸೋಲ್ ತಾನಾಗಿ ಕೆಟ್ಟಿತೆಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಕಣ್ಣೆದುರು ಇರುವುದು ಬೇಡ, ಯಾರಿಗಾದರೂ ಕೊಟ್ಟುಬಿಡೋಣವೆಂದು ಹೋದ ತಿಂಗಳು ನಾನೇ ಅಂಗಡಿಗೆ ಒಯ್ದಿದ್ದೆ. "ಒಳಗಿರೋದೆಲ್ಲ ಅಳಿಸ್ಲಾ ಸಾರ್? ಮತ್ತೆ ಬರಲ್ಲ" ಎಂದು ಅಂಗಡಿಯವನು ಎರಡು ಸಲ ಕೇಳಿದ. "ಬರೀ ಆಟ ತಾನೇ, ಅಳಿಸ್ರಿ" ಎಂದೆ. ಆಮೇಲೆ ಕೊಡಲೂ ಮನಸ್ಸಾಗದೆ ವಾಪಸ್ಸು ತಂದೆ. ನೀನು ಬಂದು ಅವನ ದನಿ ಕೇಳಿಸುತ್ತೀಯೆಂದು ಅಮ್ಮ ದಿನವೂ ಅದರ ಧೂಳು ಒರೆಸುತ್ತಿದ್ದಾಳೆ. ಅವಳಿಗೆ ನೀನೇ ಹೇಳು. ನನ್ನಿಂದಾಗದು.