ಡ್ರಮ್ಮಿನೊಳಗಿನ ಹುಳ

ಮಾರ್ಚ್ ೪, ಮಂಗಳವಾರ

ಡ್ರಮ್ಮಿಗೆ ಇವತ್ತೂ ಕಂಬಳಿ ಹೊದಿಸಿದೆ. ತಣ್ಣಗಾದ್ರೆ ಹುಳ ಕೆಲಸ ಮಾಡಲ್ಲ ಅಂದಿದ್ದಾಳೆ ಅದನ್ನ ತಂದುಕೊಟ್ಟ ಕಾಲೇಜಿನ ಹುಡುಗಿ. ಕಣ್ಣಿಗೆ ಕಾಣದ ಹುಳ. ಡ್ರಮ್ಮಲ್ಲಿ ಸರೋವರದ ಅಂತರಗಂಗೆ ಬೇಯಿಸಿ ಅರೆದ ತಿರುಳು ಇದೆಯಲ್ಲ, ಅದರ ಕಂದು ಬಣ್ಣ ತಿಂದು ಬಿಳಿ ಮಾಡ್ತಾವಂತೆ, ಬದುಕಿದ್ರೆ ಗುಳುಗುಳು ಅಂತಾವಂತೆ. ನಂಬೋದೋ ಬಿಡೋದೋ... ಸ್ವಲ್ಪ ಬಣ್ಣ ಬಿಟ್ಟಂಗಿದೆ.

ನಮ್ಮ ಕಾಗದ ಮಾಡೋ ಗುಂಪಿನ ಯಜಮಾನಿ ಅವೂರಕ್ಕ ಹೇಳಿಬಿಟ್ಟಳು — "ಸೋಮವಾರ ಕಿಸುಮು ಪಟ್ಟಣದಿಂದ ಕಾರ್ಡಿನ ಅಂಗಡಿಯವಳು ಬರ್ತಾಳೆ. ಹಾಳೆ ಬಿಳಿ ಇಲ್ದಿದ್ರೆ ಮತ್ತೆ ಕ್ಲೋರಿನ್ ಪುಡೀನೇ."

ಕ್ಲೋರಿನ್ ಬಂದ್ರೆ ನಾನಿಲ್ಲ. ಹೋದ ವರ್ಷ ಆ ಹೊಗೆಗೇ ಎದೆ ಕಟ್ಟಿ ಬಿದ್ದಿದ್ದು. ಇನ್ನೊಂದು ಸಲ ಆದ್ರೆ ಉಳಿಯಲ್ಲ ಅಂತ ನರ್ಸು ಮುಖಕ್ಕೇ ಹೇಳಿದಳು. ಬೇರೆ ಕೆಲಸ ಯಾರು ಕೊಡ್ತಾರೆ, ಅರ್ಧಕ್ಕೆ ಸ್ಕೂಲು ಬಿಟ್ಟವಳಿಗೆ?

ಮಾರ್ಚ್ ೮, ಶನಿವಾರ

ಹೋಯ್ತು. ಎಲ್ಲಾ ಹೋಯ್ತು.

ಡ್ರಮ್ಮು ಫಳಫಳ. ಪಕ್ಕದಲ್ಲಿ ನಮ್ಮ ಗುಂಪಿನ ಅಡೊಯೊ, ಸೊಂಟಕ್ಕೆ ಕೈಯಿಟ್ಟು.

"ನೆಂಟರು ಬರೋ ಜಾಗದಲ್ಲಿ ಅಂಥ ನಾತ ಇಟ್ಕೊಳ್ತಾರಾ, ಒಬುರನ ತಾಯಿ? ತಿರುಳು ಬುಟ್ಟಿಗೆ ಸುರಿದು, ಬ್ಲೀಚ್ ಹಾಕಿ ಉಜ್ಜಿದ್ದೀನಿ ನೋಡು."

"ಅದರಲ್ಲಿ ಹುಳ ಇತ್ತಲ್ಲೇ!"

"ಅದಕ್ಕೇ ಉಜ್ಜಿದ್ದು!"

ಹೇಗೆ ಬೈಯಲಿ? ನೆಂಟರು ಬರೋ ಮುಂಚೆ ಉಜ್ಜದವಳನ್ನ ನಮ್ಮಲ್ಲಿ ಹೆಂಗಸು ಅಂತಲೇ ಅನ್ನಲ್ಲ. ಕಾಲೇಜಿನ ಹುಡುಗಿ ಫೋನು ಆಫ್.

ಮಾರ್ಚ್ ೯, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಬುಟ್ಟಿಯಡಿಯ ಬೋಗುಣಿಯಲ್ಲಿ ತಿರುಳಿನಿಂದ ಸೋರಿದ ನೀರಿತ್ತು, ಅದರಲ್ಲಿ ನಾಲ್ಕು ಹುಳ ಉಳಿದಿರಬಹುದು. ಹುಳಿಗಂಜಿಗೆ ನಿನ್ನೆಯ ಗಂಜಿ ಬೆರೆಸಲ್ವಾ, ಹಾಗೇ... ಡ್ರಮ್ಮನ್ನ ಬರೀ ನೀರಲ್ಲಿ ತೊಳೆದು ತೊಳೆದು, ತಿರುಳು, ಆ ನೀರು, ಒಂದು ಹೆಂಟೆ ಬೆಲ್ಲ ಹಾಕಿದೆ. ಹುಳ ಬೆಲ್ಲ ತಿನ್ನುತ್ತೋ ಇಲ್ವೋ, ದೇವರೇ ಬಲ್ಲ. ಅಡೊಯೊ ತನ್ನ ಹಾಸಿಗೆಯ ಕಂಬಳೀನೂ ತಂದು ಹೊದಿಸಿದಳು.

ಮಾರ್ಚ್ ೧೦, ಸೋಮವಾರ, ಬೆಳಿಗ್ಗೆ

ಕಂದು. ಕಂದೇ.

ಅವೂರಕ್ಕ ಕ್ಲೋರಿನ್ ಚೀಲ ಅಂಗಳಕ್ಕೆ ತಂದಿಟ್ಟಳು.

"ಏಳು ತಾಯಿ. ಅವಳು ಬರೋ ಹೊತ್ತಾಯ್ತು."

"ಮಧ್ಯಾಹ್ನದ ತನಕ ಬಿಡಕ್ಕಾ."

"ಹುಳ ನಂಬ್ಕೊಂಡು ಎಲ್ಲರ ಮನೆ ಒಲೆ ಆರಿಸ್ಲಾ? ನೀನು ದೂರ ಕೂತ್ಕೋ, ಸಾಕು."

ದೂರ ಅಂದ್ರೆ ಎಲ್ಲಿ? ಗಾಳಿಗೆ ಬೇಲಿ ಹಾಕಿದ್ದಾರಾ?

ಎದ್ದಿಲ್ಲ. ಮುಚ್ಚಳದ ಮೇಲೇ ಕೂತು ಗೀಚ್ತಿದ್ದೀನಿ. ಚೀಲದ ದಾರ ಕೀಳ್ತಿರೋ ಸದ್ದು. ಎದೆ ಈಗಲೇ ಬಿಗೀತಿದೆ... ಕೆಳಗೆ ಏನೋ ಗುಳುಗುಳು ಅಂತು. ಡ್ರಮ್ಮೋ, ನಿನ್ನೆಯಿಂದ ಏನೂ ತಿನ್ನದ ನನ್ನ ಹೊಟ್ಟೆಯೋ. ಅಡೊಯೊಳನ್ನ ಕರೆದೆ. ಮಂಡಿಯೂರಿ ಕಿವಿ ಇಟ್ಟಿದ್ದಾಳೆ. "ಶ್!" ಅಂತಾಳೆ. ಅವೂರಕ್ಕನ ಕೈಯೂ ನಿಂತಿದೆ. ಅಡೊಯೊ ತಲೆ ಎತ್ತಿದಳು, ಅವಳ ಮುಖ ಅರಳಿದೆ. "ಡ್ರಮ್ಮೊಳಗೇ ಕಣೇ, ಹುಳ ಬದುಕಿದೆ!"